ಆಯಿಲ್ ‘ನೀರಾಗಿದೆ’ ಎಂದರೆ ಏನರ್ಥ?

ಎಲ್ಲರಿಗೂ ನಮಸ್ಕಾರ. ಡೀಸೆಲ್ ಜನರೇಟರ್ ನೋಡಿಕೊಳ್ಳುವವರಿಗಾಗಿ ಕನ್ನಡದಲ್ಲೊಂದು ಕೈಪಿಡಿ ಬರೆಯುತ್ತಿದ್ದೇನೆ. ಎಂಜಿನ್ ಆಯಿಲ್ ಪರೀಕ್ಷೆಯ ಅಧ್ಯಾಯಕ್ಕೆ ಬಂದಾಗ ಎರಡು ಮಾತುಗಳ ಬಳಿ ಪೆನ್ನು ನಿಂತಿದೆ.

ಮೊದಲನೆಯದು ‘ನೀರಾಗಿದೆ’. ಮೆಕ್ಯಾನಿಕ್ ಹೀಗೆಂದರೆ, ಸಾರು ನೀರಾಗಿದೆ ಎನ್ನುವ ಹಾಗೆ, ತೆಳ್ಳಗಾಗಿದೆ ಎಂದರ್ಥ. ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸೋರಿ ಆಯಿಲಿಗೆ ಡೀಸೆಲ್ ಬೆರೆತಾಗ ಹೀಗಾಗುತ್ತದೆ. ಸ್ನಿಗ್ಧತೆ ಇಳಿಯುತ್ತದೆ, ಆಯಿಲಿನ ಆವಿ ಮೊದಲಿಗಿಂತ ಕಡಿಮೆ ಬಿಸಿಗೇ ಹೊತ್ತಿಕೊಳ್ಳುತ್ತದೆ. ಆದರೆ ಓದುವವನು ನಿಜವಾಗಿಯೂ ನೀರು ಸೇರಿದೆ ಎಂದುಕೊಂಡರೆ ಎಂಜಿನ್ ತಣಿಸುವ ನೀರು, ಅಂದರೆ ಕೂಲಂಟ್, ಎಲ್ಲಿ ಸೋರುತ್ತಿದೆ ಎಂದು ಹುಡುಕುತ್ತ ಕೂರುತ್ತಾನೆ. ನೀರು ಬೆರೆತ ಆಯಿಲ್ ಕಲಕಿ ಬೆಳ್ಳಗಾಗುತ್ತದೆ; ಚೆನ್ನಾಗಿ ಕಾದ ತಟ್ಟೆಯ ಮೇಲೆ ಅದರ ಹನಿ ಬಿಟ್ಟರೆ ಚಟಪಟ ಸಿಡಿಯುತ್ತದೆ. ಹಾಗಾಗಿ ‘ತೆಳ್ಳಗಾಗಿದೆ’, ‘ನೀರು ಬೆರೆತಿದೆ’ ಎಂದು ಬಿಡಿಸಿ ಬರೆಯುವ ಯೋಚನೆ.

ನನ್ನ ನಿಜವಾದ ತಲೆನೋವು ಎರಡನೆಯದು. ಡೀಸೆಲ್, ನೀರು, ದೂಳು ಹೊರಗಿನಿಂದ ಬಂದು ಸೇರುವಂಥವು. ಅವು ಯಾವುವೂ ಸೇರದೆ ಬಿಸಿಗೆ, ಗಾಳಿಗೆ ಆಯಿಲ್ ತಾನಾಗಿಯೇ ಕೆಡುವುದಕ್ಕೆ ಏನೆನ್ನಬೇಕು? ‘ಅವನತಿ’ ಸಾಮ್ರಾಜ್ಯಗಳಿಗೆ ಸರಿ, ಎಂಜಿನ್ನಿನ ತಳದ ಸಂಪಿನಲ್ಲಿರುವ ಎಣ್ಣೆಗಲ್ಲ. ಹಳಸುವುದು ಅನ್ನಕ್ಕೆ ಹೇಳುವ ಮಾತು. ನನಗೆ ಹೊಳೆದದ್ದು ‘ಕಮಟು’. ಕೊಬ್ಬರಿ ಎಣ್ಣೆ ಕಮಟಾಗುವುದೂ ಆಮ್ಲಜನಕ ಸೇರಿಯೇ, ಎಂಜಿನ್ ಆಯಿಲ್ ಕೆಡುವುದೂ ಹಾಗೆಯೇ. ಬಿಸಿ 10 ಡಿಗ್ರಿ ಏರಿದರೆ ಈ ಕ್ರಿಯೆಯ ವೇಗ ಸುಮಾರು ಎರಡರಷ್ಟಾಗುತ್ತದೆ. ಅಳೆಯುವ ಬಗೆಯೂ ಒಂದೇ: 1 ಗ್ರಾಂ ಎಣ್ಣೆಯ ಆಮ್ಲವನ್ನು ತಟಸ್ಥಗೊಳಿಸಲು ಎಷ್ಟು ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಕು ಎಂಬ ಲೆಕ್ಕ. ಕಮಟಾದ ಆಯಿಲ್ ತೆಳ್ಳಗಾಗದೆ ಗಟ್ಟಿಯಾಗುತ್ತ ಹೋಗುತ್ತದೆ, ಕೊನೆಗೆ ತಳದಲ್ಲಿ ಅಂಟುಗಸಿ ಕಟ್ಟುತ್ತದೆ.

ತೊಡಕೆಂದರೆ, ಕಮಟು ಮೂಗಿಗೆ ಗೊತ್ತಾಗುವಂಥದ್ದು. ಕೆಟ್ಟ ಎಂಜಿನ್ ಆಯಿಲಿನದು ಸುಟ್ಟ ವಾಸನೆ. ಬಣ್ಣ ನೋಡಿ ಹೇಳೋಣವೆಂದರೆ ಅದೂ ಆಗದು: ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲೂ ಬೇಗನೆ ಕಪ್ಪಾಗುತ್ತದೆ, ಮಸಿಯನ್ನು ಕಟ್ಟಿಕೊಳ್ಳಲು ಬಿಡದೆ ತನ್ನಲ್ಲೇ ತೇಲಿಸಿಕೊಂಡಿರುವುದು ಅದರ ಕೆಲಸವೇ. ಸೋಸುಕಾಗದದ ಮೇಲೆ ಒಂದು ಹನಿ ಬಿಟ್ಟು ಕೆಲವು ಗಂಟೆ ಕಾಯಬೇಕು. ಕಪ್ಪು ಅಂಚಿನವರೆಗೂ ಹರಡಿ ಮೆಲ್ಲಗೆ ತೆಳುವಾದರೆ ಮಸಿಯನ್ನು ಹರಡಿಡುವ ಶಕ್ತಿ ಇನ್ನೂ ಇದೆ. ನಡುವೆ ಕರ್ರಗೆ ಗುಡ್ಡೆಯಾಗಿ ಸುತ್ತ ಬರೀ ಎಣ್ಣೆಯ ಬಳೆ ಉಳಿದರೆ ಬದಲಿಸುವುದೇ ಸರಿ.

ಹೀಗಿರುವಾಗ ‘ಕಮಟು’ ಎಂದು ಬರೆದರೆ ಓದುಗರು ಒಪ್ಪುತ್ತಾರೆಯೇ, ನಗುತ್ತಾರೆಯೇ? ಕರಾವಳಿಯ ಎಣ್ಣೆ ಗಿರಣಿಗಳಲ್ಲಿ, ಉತ್ತರ ಕರ್ನಾಟಕದ ಗಾಣಗಳಲ್ಲಿ ಇದಕ್ಕೆ ಬೇರೆ ಮಾತೇನಾದರೂ ಬಳಕೆಯಲ್ಲಿದ್ದರೆ, ಅದನ್ನು ಬಳಸುವ ಒಂದು ವಾಕ್ಯದ ಸಮೇತ ಬರೆದು ತಿಳಿಸಿ.