ಸಿಗ್ನಲ್‌ನಲ್ಲಿ ನಿಂತ ಕೂಡಲೇ ಎಂಜಿನ್ ಆಫ್: ಫ್ಯೂಯಲ್ ಪಂಪ್ ಬದಲಿಸಬೇಕಾ?

ಪ್ರಶ್ನೆ: ಸರ್ ನಮಸ್ತೆ. ನನ್ನದು ಪೆಟ್ರೋಲ್ ಕಾರು, ಮ್ಯಾನ್ಯುಯಲ್ ಗೇರ್. ಓಡುವಾಗ ಏನೂ ತೊಂದರೆ ಇಲ್ಲ, ಪಿಕಪ್ ಕೂಡ ಚೆನ್ನಾಗಿದೆ. ಆದರೆ ಸಿಗ್ನಲ್ ಹತ್ತಿರ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದರೆ ಸಾಕು, ಆರ್‌ಪಿಎಂ ಮುಳ್ಳು 500ಕ್ಕೆ ಇಳಿದು, ಗಾಡಿ ನಡುಗಿ ಆಫ್ ಆಗುತ್ತದೆ. ಮತ್ತೆ ಕೀ ತಿರುಗಿಸಿದರೆ ತಕ್ಷಣ ಸ್ಟಾರ್ಟ್. ಎಸಿ ಹಾಕಿದ್ದರೆ ಇನ್ನೂ ಜಾಸ್ತಿ. ಗ್ಯಾರೇಜಿನಲ್ಲಿ ಪ್ಲಗ್, ಏರ್ ಫಿಲ್ಟರ್ ಹೊಸದು ಹಾಕಿದರು, ಏನೂ ಬದಲಾಗಲಿಲ್ಲ. ಈಗ ಫ್ಯೂಯಲ್ ಪಂಪ್ ಹಾಕಿಸಿ ಅನ್ನುತ್ತಿದ್ದಾರೆ. ಚೆಕ್ ಎಂಜಿನ್ ಲೈಟ್ ಬಂದಿಲ್ಲ. ಹಾಕಿಸಲಾ?

ಉತ್ತರ: ಸದ್ಯಕ್ಕೆ ಬೇಡ. ಐಡಲ್‌ನಲ್ಲಿ, ಅಂದರೆ ರೇಸ್ ಕೊಡದೆ ಎಂಜಿನ್ ಸುಮ್ಮನೆ ಓಡುತ್ತಿರುವಾಗ, ಅದಕ್ಕೆ ಬೇಕಾಗುವುದು ತೀರಾ ಕಡಿಮೆ ಪೆಟ್ರೋಲ್. ಪಂಪ್ ಸೋತಿದ್ದರೆ ಸಾಮಾನ್ಯವಾಗಿ ಮೊದಲು ಗೊತ್ತಾಗುವುದು ಏರು ಹತ್ತುವಾಗ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ. ನೀವೇ ಪಿಕಪ್ ಚೆನ್ನಾಗಿದೆ ಅಂತೀರಿ. ಅನುಮಾನ ಇದ್ದರೆ ಗೇಜ್ ಹಾಕಿ ಪ್ರೆಷರ್ ನೋಡಬೇಕು, ಸುಮ್ನೆ ಪಂಪ್ ಬದಲಿಸುವುದಲ್ಲ. ಒಂದು ಹೇಳಿ, ಇದು ಶುರುವಾಗುವ ಮುಂಚೆ ಗಾಡಿಗೆ ಬೇರೇನಾದರೂ ಕೆಲಸ ಮಾಡಿಸಿದ್ರಾ? ಸಣ್ಣದಾದರೂ ಪರವಾಗಿಲ್ಲ.

ಪ್ರಶ್ನೆ: ಬ್ಯಾಟರಿ ಬದಲಿಸಿದ್ದೆ ಸರ್, ಅಷ್ಟೇ. ಅದಾದ ಮೇಲೇ ಶುರುವಾಗಿದ್ದು. ಆದರೆ ಬ್ಯಾಟರಿ ಹೊಸದು, ಸೆಲ್ಫ್ ಚೆನ್ನಾಗಿ ತಿರುಗುತ್ತದೆ.

ಉತ್ತರ: ಹಾಗಾದರೆ ನನ್ನ ಮೊದಲ ಅನುಮಾನ ಥ್ರಾಟಲ್ ಬಾಡಿ ಮೇಲೆ, ಅಂದರೆ ಎಂಜಿನ್‌ಗೆ ಎಷ್ಟು ಗಾಳಿ ಹೋಗಬೇಕು ಅಂತ ನಿಯಂತ್ರಿಸುವ ಭಾಗದ ಮೇಲೆ. ಕಾರಣ ಹೇಳುತ್ತೇನೆ.

ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಥ್ರಾಟಲ್ ಬಾಡಿಯ ಒಳಗಿನ ತಟ್ಟೆ ಬಹುತೇಕ ಮುಚ್ಚಿಕೊಳ್ಳುತ್ತದೆ. ಸುತ್ತ ಉಳಿಯುವ ಕೂದಲೆಳೆಯಷ್ಟು ಸಂದಿಯಲ್ಲಿ ಬರುವ ಗಾಳಿಯಲ್ಲೇ ಎಂಜಿನ್ 700ರಿಂದ 900 ಆರ್‌ಪಿಎಂನಲ್ಲಿ ನಿಂತಿರಬೇಕು. ಗಾಡಿ ಹಳೆಯದಾದಂತೆ ಆ ಅಂಚಿಗೆ ಎಣ್ಣೆ ಮಸಿ ಕಟ್ಟುತ್ತದೆ, ಸಂದಿ ಕಿರಿದಾಗುತ್ತದೆ. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಇದನ್ನು ಗಮನಿಸಿ ತಟ್ಟೆಯನ್ನು ಸ್ವಲ್ಪ ಸ್ವಲ್ಪ ಹೆಚ್ಚು ತೆರೆಯಲು ಕಲಿಯುತ್ತದೆ, ಹಾಗಾಗಿ ಎಷ್ಟೋ ಕಾಲ ನಿಮಗೆ ಏನೂ ಗೊತ್ತೇ ಆಗುವುದಿಲ್ಲ. ಬ್ಯಾಟರಿ ಬಿಚ್ಚಿದಾಗ ಎಷ್ಟೋ ಗಾಡಿಗಳಲ್ಲಿ ಆ ಕಲಿಕೆ ಅಳಿಸಿ ಹೋಗುತ್ತದೆ. ಇಸಿಯು ಮತ್ತೆ ಹೊಸ ಗಾಡಿಯ ಲೆಕ್ಕದಲ್ಲೇ ತಟ್ಟೆ ತೆರೆಯುತ್ತದೆ, ಆದರೆ ಮಸಿ ಎಲ್ಲಿಗೂ ಹೋಗಿಲ್ಲವಲ್ಲ. ಗಾಳಿ ಸಾಲುವುದಿಲ್ಲ, ಎಂಜಿನ್ ನಿಲ್ಲುತ್ತದೆ. ಎಸಿ ಹಾಕಿದರೆ ಕಂಪ್ರೆಸರ್ ಭಾರ ಬೇರೆ. ಸಣ್ಣಗೆ ರೇಸ್ ಕೊಟ್ಟು ಹಿಡಿದರೆ ಆಫ್ ಆಗುವುದಿಲ್ಲ ಅಲ್ವಾ? ನೋಡಿ.

ಬಿಚ್ಚಿ ಕ್ಲೀನ್ ಮಾಡಿಸಿ. ಥ್ರಾಟಲ್ ಕ್ಲೀನರ್ ಅನ್ನು ಬಟ್ಟೆಗೆ ಹೊಡೆದು ಒರೆಸಬೇಕು, ನೇರವಾಗಿ ಒಳಗೆ ಸುರಿಯಬಾರದು. ಎಲೆಕ್ಟ್ರಾನಿಕ್ ಥ್ರಾಟಲ್ ಆದರೆ ಕೀ ಆನ್ ಇರುವಾಗ ಬೆರಳು ಹಾಕಲೇಬೇಡಿ, ತಟ್ಟೆ ತಾನಾಗಿ ಮುಚ್ಚಿಕೊಂಡರೆ ಬೆರಳು ಸಿಕ್ಕಿಕೊಳ್ಳುತ್ತದೆ. ಕೇಬಲ್ ಇರುವ ಹಳೆಯ ಗಾಡಿ ಆದರೆ ಪಕ್ಕದಲ್ಲಿ ಐಡಲ್ ವಾಲ್ವ್ ಬೇರೆ ಇರುತ್ತದೆ, ಅದರಲ್ಲೂ ಇದೇ ಮಸಿ.

ಅಲ್ಲಿಯವರೆಗೆ ಹುಷಾರು. ಎಂಜಿನ್ ನಿಂತರೆ ಸ್ಟೀರಿಂಗ್ ಗಟ್ಟಿಯಾಗಬಹುದು, ಎರಡು ಮೂರು ಸಲ ಬ್ರೇಕ್ ಒತ್ತಿದ ಮೇಲೆ ಪೆಡಲ್ ಕೂಡ ಗಟ್ಟಿ.

ಪ್ರಶ್ನೆ: ಸರ್, ಕ್ಲೀನ್ ಮಾಡಿಸಿದೆ. ಕಪ್ಪಗೆ ಅಂಟು ಅಂಟಾಗಿ ಬಂತು. ಈಗ ಆಫ್ ಆಗುತ್ತಿಲ್ಲ, ಆದರೆ ಐಡಲ್ 1500ಕ್ಕೆ ಹೋಗಿ ಕೂತಿದೆ!

ಉತ್ತರ: ಗಾಬರಿ ಬೇಡ. ಇಷ್ಟು ದಿನದಲ್ಲಿ ಇಸಿಯು ಮಸಿಗೆ ತಕ್ಕಂತೆ ಸ್ವಲ್ಪ ಕಲಿತಿತ್ತು, ಈಗ ಮಸಿ ಇಲ್ಲ, ಗಾಳಿ ಜಾಸ್ತಿ ಆಯಿತು. ಇಸಿಯು ಓದುವ ಸ್ಕ್ಯಾನರ್ ಇರುವವರ ಹತ್ತಿರ ಥ್ರಾಟಲ್ ರೀಲರ್ನ್ ಮಾಡಿಸಿ, ಅಂದರೆ ತಟ್ಟೆ ಎಷ್ಟು ತೆರೆಯಬೇಕು ಅಂತ ಇಸಿಯುಗೆ ಹೊಸದಾಗಿ ಕಲಿಸುವುದು. ಕೆಲವು ಗಾಡಿಗಳಲ್ಲಿ ಕೀ ಮತ್ತು ಪೆಡಲ್‌ನಿಂದಲೇ ಮಾಡಬಹುದು, ಕೆಲವು ಓಡಿಸುತ್ತಾ ಓಡಿಸುತ್ತಾ ತಾವೇ ಸರಿಹೋಗುತ್ತವೆ. ಕ್ರಮ ಒಂದೊಂದು ಗಾಡಿಗೆ ಒಂದೊಂದು ಥರ, ಬೇರೆ ಮಾಡೆಲ್‌ನ ವಿಡಿಯೋ ನೋಡಿ ಮಾಡಬೇಡಿ.

ಆಮೇಲೂ ಇಳಿಯದಿದ್ದರೆ ಎಲ್ಲೋ ಸಂದಿಯಿಂದ ಎಂಜಿನ್ ಒಳಗೆ ಗಾಳಿ ಸೋರುತ್ತಿರಬಹುದು. ಥ್ರಾಟಲ್ ಬಾಡಿ ಮತ್ತೆ ಕೂರಿಸುವಾಗ ಗ್ಯಾಸ್ಕೆಟ್ ಸರಿಯಾಗಿ ಕೂತಿದೆಯಾ, ಯಾವುದಾದರೂ ಹೋಸ್ ಬಿಟ್ಟಿದ್ದಾರಾ ನೋಡಿ. ಅದೇ ಸ್ಕ್ಯಾನರ್‌ನಲ್ಲಿ ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲ್ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ, ತೋರಿಸಲು ಹೇಳಿ. ಒಳಬರುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್ ಇರುವ ಗಾಡಿಯಲ್ಲಿ ಐಡಲ್‌ನಲ್ಲಿ ಟ್ರಿಮ್ ಪ್ಲಸ್ 20 ಪರ್ಸೆಂಟ್ ಹತ್ತಿರ ಇದ್ದು, 2500 ಆರ್‌ಪಿಎಂಗೆ ಏರಿಸಿದಾಗ ಸೊನ್ನೆಯ ಕಡೆ ಬಂದರೆ ಅದು ಸೋರಿಕೆಯೇ. ಒಳಗೆ ಹೊಗೆ ಬಿಟ್ಟು ಎಲ್ಲಿ ಹೊರಬರುತ್ತದೆ ನೋಡುವ ಸ್ಮೋಕ್ ಟೆಸ್ಟ್ ಮಾಡಿದರೆ ಜಾಗ ಸಿಗುತ್ತದೆ. ಬಿಸಿ ಎಂಜಿನ್ ಮೇಲೆ ಕಾರ್ಬ್ ಕ್ಲೀನರ್ ಹೊಡೆದು ಹುಡುಕುವವರಿದ್ದಾರೆ, ಬೆಂಕಿ ಹತ್ತುವ ವಸ್ತು ಅದು, ನನಗಂತೂ ಇಷ್ಟವಿಲ್ಲ.

ಇನ್ನೊಬ್ಬರ ಪ್ರಶ್ನೆ: ಅಣ್ಣಾ, ನಡುವೆ ಬಂದೆ, ಕ್ಷಮಿಸಿ. ನನ್ನ ಗಾಡಿ ಪೆಟ್ರೋಲ್ ಹಾಕಿಸಿ ಹೊರಟಾಗ ಮಾತ್ರ ಸ್ಟಾರ್ಟ್ ಆಗಲು ಸತಾಯಿಸಿ, ಐಡಲ್‌ನಲ್ಲಿ ಆಫ್ ಆಗುತ್ತದೆ. ಪೆಟ್ರೋಲ್ ಕಲಬೆರಕೆನಾ?

ಉತ್ತರ: ಬೇರೆ ಬೇರೆ ಬಂಕ್‌ನಲ್ಲೂ ಹೀಗೇ ಆದರೆ ಪರ್ಜ್ ವಾಲ್ವ್ ನೋಡಮ್ಮ. ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್‌ಗೆ ಬಿಡುವ ಸಣ್ಣ ವಾಲ್ವ್ ಅದು. ತೆರೆದೇ ಸಿಕ್ಕಿಕೊಂಡಿದ್ದರೆ, ಟ್ಯಾಂಕ್ ತುಂಬಿಸಿದಾಗ ಎದ್ದ ಆವಿಯೆಲ್ಲ ಒಂದೇ ಸಲ ಎಂಜಿನ್‌ಗೆ ನುಗ್ಗುತ್ತದೆ. ಎಂಜಿನ್ ಆಫ್ ಇರುವಾಗ ವಾಲ್ವ್ ಬಿಚ್ಚಿ ಕೈ ಪಂಪ್‌ನಿಂದ ಗಾಳಿ ಹಾಯಿಸಲಿ. ಸಾಮಾನ್ಯವಾಗಿ ಕರೆಂಟ್ ಇಲ್ಲದಾಗ ಅದು ಮುಚ್ಚಿರಬೇಕು, ಗಾಳಿ ಆರಾಮಾಗಿ ದಾಟಿತು ಅಂದರೆ ಕೆಟ್ಟಿದೆ. ಇನ್ನು ಬಂಕಿನಲ್ಲಿ ಗನ್ ತಾನಾಗಿ ಟಕ್ ಅಂತ ನಿಂತ ಮೇಲೆ ಮತ್ತೆ ಒತ್ತಿ ತುಂಬಿಸಬೇಡ, ಆವಿ ಹಿಡಿಯುವ ಇದ್ದಿಲಿನ ಡಬ್ಬಿಗೆ ಪೆಟ್ರೋಲ್ ಹೋಗಿ ಅದೂ ಹಾಳಾಗುತ್ತದೆ.

ಮೊದಲು ಕೇಳಿದವರು: ಸರ್, ರೀಲರ್ನ್ ಆಯಿತು. 800ಕ್ಕೆ ನಿಂತಿದೆ, ಎಸಿ ಹಾಕಿದರೂ ಅಲ್ಲಾಡುತ್ತಿಲ್ಲ. ಪಂಪ್ ಹಳೆಯದೇ.

ಉತ್ತರ: ಒಳ್ಳೆಯದಾಯಿತು. ತೆಗೆದ ಹಳೆಯ ಪ್ಲಗ್ ಎಸೆದಿಲ್ಲ ಅಂದರೆ ಒಂದು ಫೋಟೋ ಹಾಕಿ, ಎಣ್ಣೆ ಏನಾದರೂ ಮೇಲೆ ಬರುತ್ತಿದೆಯಾ ನೋಡೋಣ.