ಅಮ್ಮನ ಎಡಗೈ ತಾನಾಗೇ ಆಡುತ್ತಿದೆ, ಲಿಂಫೋಮಾದಿಂದ ಹೀಗಾಗುತ್ತದಾ?

ಶಿರಸಿ ಹುಡುಗಿ:
ಅಮ್ಮನಿಗೆ 63 ವರ್ಷ. ಲಿಂಫೋಮಾ, ಅಂದರೆ ಲಿಂಫ್ ಗ್ರಂಥಿಗಳ ಕ್ಯಾನ್ಸರ್, ಅದರಲ್ಲಿ ಡಿಎಲ್‌ಬಿಸಿಎಲ್ ಎನ್ನುವ ಬಗೆ ಅಂತ ಬರೆದಿದ್ದಾರೆ. ಮೂರನೇ ಆರ್-ಚಾಪ್ ಕೀಮೋ ಆಗಿ 9 ದಿನ. ಮೊನ್ನೆಯಿಂದ ಎಡಗೈ, ಎಡಗಾಲು ಸುಮ್ನೆ ಇರುವುದಿಲ್ಲ. ನಡುಕ ಅಲ್ಲ, ನೊಣ ಓಡಿಸುವ ಹಾಗೆ ಕೈ ಬೀಸುತ್ತದೆ, ಲೋಟ ಹಿಡಿದರೆ ಕಾಫಿ ಚೆಲ್ಲುತ್ತದೆ. ನಿದ್ದೆ ಬಂದರೆ ನಿಲ್ಲುತ್ತದೆ. ಅದಕ್ಕೇ ದೊಡ್ಡಮ್ಮ, ಇದು ಬರೀ ಭಯ ಅನ್ನುತ್ತಾರೆ. ಕಾಯಿಲೆ ಮಿದುಳಿಗೆ ಹೋಗಿದೆಯಾ? ಡಾಕ್ಟರನ್ನು ನೋಡುವುದಕ್ಕೆ ಇನ್ನೂ 12 ದಿನ ಇದೆ.

ರವಿ, ಹಾಸನ:
ವಾಂತಿಗೆ ಪೆರಿನಾರ್ಮ್ ಕೊಟ್ಟಿದ್ದಾರಾ ನೋಡಿ ಅಕ್ಕ. ನನ್ನ ತಮ್ಮನಿಗೆ ಆ ಇಂಜೆಕ್ಷನ್ ಕೊಟ್ಟ ರಾತ್ರಿ ಕುತ್ತಿಗೆ ಒಂದು ಕಡೆ ತಿರುಚಿಕೊಂಡಿತು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು, ನಾವೆಲ್ಲ ಫಿಟ್ಸ್ ಅಂದುಕೊಂಡು ಅತ್ತಿದ್ದೆವು. ಅದು ಆ ಔಷಧಿಯ ಅಡ್ಡಪರಿಣಾಮವಂತೆ, ಫೆನರ್ಗನ್ ಎನ್ನುವ ಔಷಧಿ ಕೊಟ್ಟ ಮೇಲೆ ಸರಿಹೋಯಿತು.

ನ್ಯೂರಾಲಜಿ ಪಿಜಿ:
12 ದಿನ ಕಾಯಬೇಡಿ, ಇವತ್ತೇ ಹೋಗಿ. ಹೀಗೆ ಕೈಕಾಲು ತಾನಾಗೇ ಆಡುವುದಕ್ಕೆ ಕೊರಿಯಾ ಅನ್ನುತ್ತಾರೆ. ಅದು ನಿದ್ದೆಯಲ್ಲಿ ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಹಾಗಾಗಿ ನಿದ್ದೆಯಲ್ಲಿ ನಿಂತಿತು ಅಂತ ಅದನ್ನು ಮನಸ್ಸಿನದ್ದು ಅನ್ನಲು ಬರುವುದಿಲ್ಲ. ಮೊದಲು ಶುಗರ್ ನೋಡಿಸಿ. ಆರ್-ಚಾಪ್‌ನಲ್ಲಿ 5 ದಿನ ಪ್ರೆಡ್ನಿಸೊಲೋನ್ ಎನ್ನುವ ಸ್ಟೀರಾಯ್ಡ್ ಜಾಸ್ತಿ ಡೋಸ್‌ನಲ್ಲಿ ಇರುತ್ತದೆ, ಅದರಿಂದ ಶುಗರ್ ಏರುತ್ತದೆ. ಶುಗರ್ ತುಂಬಾ ಏರಿದರೆ, ಅದರಲ್ಲೂ ವಯಸ್ಸಾದ ಹೆಂಗಸರಲ್ಲಿ, ಒಂದೇ ಬದಿಯ ಕೈಕಾಲು ಹೀಗೆ ಆಡುವುದುಂಟು. ಲಿಂಫೋಮಾ ಗಡ್ಡೆ ಮಿದುಳಿನ ಆಳದಲ್ಲಿ ಕೂತರೂ ಹೀಗಾಗಬಹುದು, ಅದಕ್ಕೆ ಎಂಆರ್‌ಐ ಬೇಕು. ಇನ್ನೊಂದು ದಾರಿಯೂ ಇದೆ, ಅಪರೂಪ. ಕ್ಯಾನ್ಸರ್ ವಿರುದ್ಧ ಹುಟ್ಟಿದ ಆ್ಯಂಟಿಬಾಡಿಗಳು ನರಕೋಶಗಳಿಗೇ ತಿರುಗಿಬೀಳುತ್ತವೆ. ಹಾಜ್ಕಿನ್ ಎನ್ನುವ ಇನ್ನೊಂದು ಬಗೆಯ ಲಿಂಫೋಮಾದಲ್ಲಿ ಆ್ಯಂಟಿ-ಟಿಆರ್ ಎನ್ನುವ ಆ್ಯಂಟಿಬಾಡಿ ಕಿರುಮಿದುಳನ್ನು ಹಾಳು ಮಾಡುತ್ತದೆ, ನಡಿಗೆ ಓಲಾಡುತ್ತದೆ, ಮಾತು ತೊದಲುತ್ತದೆ, ಎಷ್ಟೋ ಸಲ ಕ್ಯಾನ್ಸರ್ ಪತ್ತೆಯಾಗುವ ಮೊದಲೇ.
ಒಂದು ಮಾತು. ಮನೆಯಲ್ಲಿ ಉಳಿದ ಸ್ಟೀರಾಯ್ಡ್ ಮಾತ್ರೆ ನೀವಾಗಿ ಕೊಡಬೇಡಿ. ಶುಗರ್ ಇನ್ನೂ ಏರುತ್ತದೆ, ಮಿದುಳಲ್ಲಿ ಲಿಂಫೋಮಾ ಇದ್ದರೆ ಅದು ತಾತ್ಕಾಲಿಕವಾಗಿ ಕುಗ್ಗಿ ಬಯಾಪ್ಸಿಯಲ್ಲಿ ಸಿಗದೇ ಹೋಗಬಹುದು. ಕೈ ಆಡುವುದನ್ನು ವಿಡಿಯೊ ಮಾಡಿ, ಎಲ್ಲ ಮಾತ್ರೆಗಳ ಚೀಟಿ ಒಯ್ಯಿರಿ.

ಶಿರಸಿ ಹುಡುಗಿ:
ಅವತ್ತು ಸಂಜೆಯೇ ಹುಬ್ಬಳ್ಳಿಗೆ ಹೋದೆವು. ಶುಗರ್ 438 ಇತ್ತು! ಎಂಆರ್‌ಐನಲ್ಲಿ ಗಡ್ಡೆ ಇಲ್ಲ, ಶುಗರ್‌ನಿಂದ ಆಗುವ ಬದಲಾವಣೆ ಮಾತ್ರ ಕಾಣುತ್ತಿದೆ ಅಂದರು. ಇನ್ಸುಲಿನ್ ನಡೆಯುತ್ತಿದೆ, ಕೈ ಆಡುವುದು ತಗ್ಗಲು ಟೆಟ್ರಾಬೆನಜಿನ್ ಸಣ್ಣ ಡೋಸ್ ಕೊಟ್ಟಿದ್ದಾರೆ. ಕೈ ಪೂರ್ತಿ ನಿಂತಿಲ್ಲ, ಆದರೆ ಇವತ್ತು ಅಮ್ಮ ತಾವೇ ಅನ್ನ ಕಲಸಿ ಉಂಡರು. ಮುಂದಿನ ಕೀಮೋದ ಆ 5 ದಿನ ಮನೆಯಲ್ಲೇ ಶುಗರ್ ನೋಡಲು ಗ್ಲುಕೋಮೀಟರ್ ತಂದಿದ್ದೇನೆ. ರವಿ ಅವರೇ, ಡಾಕ್ಟರೇ, ನಿಮ್ಮಿಬ್ಬರಿಗೂ ತುಂಬಾ ಥ್ಯಾಂಕ್ಸ್.