ಗ್ರಹಣದ ಹಿಂದಿನ ದಿನ ‘ಹೊಸಮನೆ ಬಳಗ’ದಲ್ಲಿ ಗ್ರೀಕರು

ಸುಹಾಸ: (ಫಾರ್ವರ್ಡ್ ಮಾಡಿದ ಸಂದೇಶ) ‘ನಾವು ಇಂದಿಗೂ ಗ್ರಹಣಕ್ಕೆ ಹೆದರಿ ಉಪ್ಪಿನಕಾಯಿ ಜಾಡಿಗೆ ದರ್ಭೆ ಹಾಕುತ್ತೇವೆ. ಗ್ರೀಕರು ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ದೇವರು, ಶಕುನ, ಜೋಯಿಸರನ್ನೆಲ್ಲ ಮೂಲೆಗೆ ತಳ್ಳಿ ವಿಜ್ಞಾನವನ್ನು ಹಿಡಿದರು!’

ಸುಹಾಸ: ನಾಳೆ ಸಂಜೆಯೇ ಅಡುಗೆಮನೆಗೆ ಬೀಗ ಹಾಕಲಿರುವವರು ದಯವಿಟ್ಟು ಓದಬೇಕು.

ಶ್ರೀನಿವಾಸ ಚಿಕ್ಕಪ್ಪ: ನಿನಗೆ ಹಸಿವಾದರೆ ಹೋಟೆಲಿಗೆ ಹೋಗು. ನಮ್ಮ ತಂಟೆಗೆ ಬರಬೇಡ.

ವಾಸಂತಿ ಅತ್ತೆ: ಸುಹಾಸ, ಇದನ್ನು ಬರೆದ ಪುಣ್ಯಾತ್ಮನಿಗೆ ನಿಸಿಯಾಸ್ ಯಾರೆಂದು ಗೊತ್ತಿರಲಾರದು. ಕ್ರಿ.ಪೂ. 413, ಆಗಸ್ಟ್ 27ರ ರಾತ್ರಿ. ಸಿಸಿಲಿಯ ಸಿರಾಕ್ಯೂಸ್ ನಗರವನ್ನು ಗೆಲ್ಲಲಾಗದೆ ಸೋತು ಸುಣ್ಣವಾಗಿದ್ದ ಅಥೆನ್ಸಿನ ಸೇನೆ ಗುಟ್ಟಾಗಿ ಹಡಗು ಹತ್ತಲು ಸಿದ್ಧವಾಗಿತ್ತು. ಹುಣ್ಣಿಮೆಯ ಚಂದ್ರನಿಗೆ ಗ್ರಹಣ ಹಿಡಿಯಿತು. ಸೈನಿಕರಲ್ಲಿ ಹೆಚ್ಚಿನವರು ಹೊರಡುವುದೇ ಬೇಡ ಎಂದರು. ಶಕುನ ನೋಡುವವರು ಮೂರು ಒಂಬತ್ತು ದಿನ, ಅಂದರೆ 27 ದಿನ ಕಾಯಬೇಕೆಂದರು. ಅಲ್ಲಿಯವರೆಗೆ ಹೊರಡುವ ಮಾತನ್ನೇ ಎತ್ತಕೂಡದು ಎಂದು ಸೇನಾಪತಿ ನಿಸಿಯಾಸ್ ಪಟ್ಟು ಹಿಡಿದ. ಅಷ್ಟರಲ್ಲಿ ಶತ್ರುಗಳು ಬಂದರಿನ ಬಾಯಿಗೆ ಹಡಗುಗಳನ್ನು ಅಡ್ಡ ನಿಲ್ಲಿಸಿ ದಾರಿ ಮುಚ್ಚಿದರು. ಮುಂದೆ ಸೆರೆಸಿಕ್ಕವರು ಏಳು ಸಾವಿರಕ್ಕೂ ಹೆಚ್ಚು. ಅವರನ್ನು ಕಲ್ಲಿನ ಕ್ವಾರಿಗಳಲ್ಲಿ ಕೂಡಿಹಾಕಿ, ದಿನಕ್ಕೆ ತಲೆಗೆ ಸುಮಾರು ಕಾಲು ಲೀಟರ್ ನೀರು, ಅದರ ಎರಡರಷ್ಟು ಧಾನ್ಯ ಕೊಟ್ಟು ಎಂಟು ತಿಂಗಳು ಇಟ್ಟರು. ಇದನ್ನು ಬರೆದವನು ಆ ಕಾಲದ ಇತಿಹಾಸಕಾರ ಥುಸಿಡಿಡೀಸ್, ಅಥೆನ್ಸಿನವನೇ.

ಸುಹಾಸ: ಒಬ್ಬ ಪುಕ್ಕಲು ಸೇನಾಪತಿಯಿಂದ ಇಡೀ ಗ್ರೀಸನ್ನು ಅಳೆಯುತ್ತೀರಾ ಅತ್ತೆ? ಚಂದ್ರನ ಬೆಳಕು ಸೂರ್ಯನಿಂದ ಬರುತ್ತದೆ, ಗ್ರಹಣ ಎಂದರೆ ನೆರಳು ಎಂದು ತತ್ತ್ವಜ್ಞಾನಿ ಅನಾಕ್ಸಾಗೊರಸ್ ಅದಕ್ಕೂ ಮೊದಲೇ ಹೇಳಿರಲಿಲ್ಲವೇ? ಅಥೆನ್ಸಿನ ನಾಯಕ ಪೆರಿಕ್ಲಿಸ್ ಕಥೆ ನಿಮಗೇ ಗೊತ್ತಿರುತ್ತದೆ. ಸೂರ್ಯಗ್ರಹಣವಾದಾಗ ತನ್ನ ಮೇಲುಹೊದಿಕೆಯನ್ನು ನಾವಿಕನ ಕಣ್ಣಿಗೆ ಅಡ್ಡ ಹಿಡಿದು, ‘ಇದಕ್ಕೆ ಹೆದರುತ್ತೀಯಾ? ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಅದು ಸ್ವಲ್ಪ ದೊಡ್ಡದು, ಅಷ್ಟೇ’ ಎಂದನಂತೆ.

ವಾಸಂತಿ ಅತ್ತೆ: ಎಷ್ಟೋ ಕಾಲದ ನಂತರದ ಜೀವನಚರಿತ್ರೆಕಾರ ಪ್ಲುಟಾರ್ಕ್ ಹೇಳುವ ಆ ಕಥೆಯಲ್ಲಿ ಚುಕ್ಕಾಣಿ ಹಿಡಿದವನು ನಡುಗುತ್ತಿದ್ದ ಎಂಬುದನ್ನು ಮರೆಯಬೇಡ. ಗ್ರೀಕರಲ್ಲಿ ಪೆರಿಕ್ಲಿಸರು ಎಷ್ಟು ಮಂದಿ, ಆ ನಾವಿಕನಂಥವರು ಎಷ್ಟು ಮಂದಿ? ಇನ್ನು ನಿನ್ನ ಅನಾಕ್ಸಾಗೊರಸ್ ಸೂರ್ಯನನ್ನು ಕಾದ ಕಲ್ಲುಗುಂಡು ಎಂದದ್ದಕ್ಕೆ ಅಥೆನ್ಸಿನಲ್ಲಿ ದೈವದ್ರೋಹದ ಮೊಕದ್ದಮೆಯಾಯಿತು, ಕೊನೆಗೆ ಆತ ಊರು ಬಿಟ್ಟು ಲ್ಯಾಂಪ್ಸಕಸ್ ಎಂಬ ಪಟ್ಟಣದಲ್ಲಿ ಸತ್ತ ಎಂದು ಹಳೆಯ ಲೇಖಕರೇ ಹೇಳುತ್ತಾರೆ.

ಶ್ರೀನಿವಾಸ ಚಿಕ್ಕಪ್ಪ: ಭೇಷ್ ಅಕ್ಕ! ನಾನೂ ಇದನ್ನೇ ಹೇಳುವುದು. ಗ್ರೀಕರೆಂದರೆ ಬೇರೆ ಯಾರೂ ಅಲ್ಲ, ನಮ್ಮವರೇ. ಝ್ಯೂಸ್ ಎಂದರೆ ಇಂದ್ರ, ಪೊಸೈಡನ್ ಎಂದರೆ ವರುಣ. ಎಲ್ಲವೂ ಇಲ್ಲಿಂದ ಹೋದದ್ದು.

ವಾಸಂತಿ ಅತ್ತೆ: ಸೀನ, ನಾನು ನಿನ್ನ ಪಕ್ಷಕ್ಕೆ ಬಂದೆ ಎಂದುಕೊಳ್ಳಬೇಡ.

ಶ್ರೀನಿವಾಸ ಚಿಕ್ಕಪ್ಪ: ಸೂತಕ ಇತ್ತೋ ಇಲ್ಲವೋ ಅವರಲ್ಲಿ? ಅದನ್ನು ಹೇಳು.

ವಾಸಂತಿ ಅತ್ತೆ: ಇತ್ತು. ಸಾವಾದ ಮನೆಯ ಬಾಗಿಲ ಹೊರಗೆ ಬೇರೆ ಮನೆಯಿಂದ ತಂದ ನೀರನ್ನು ಇಡುತ್ತಿದ್ದರು, ಹೊರಹೋಗುವವರು ಮೈಮೇಲೆ ಚಿಮುಕಿಸಿಕೊಳ್ಳಲಿ ಎಂದು. ಸತ್ತ ಮನೆಯ ನೀರು ಆಗುತ್ತಿರಲಿಲ್ಲ. ಅಪೊಲೊ ದೇವರು ಹುಟ್ಟಿದನೆಂಬ ಡೆಲೊಸ್ ದ್ವೀಪದಲ್ಲಿ ಕ್ರಿ.ಪೂ. 426ರ ಸುಮಾರಿಗೆ ಅಥೆನ್ಸಿನವರು ಇದ್ದಬದ್ದ ಗೋರಿಗಳನ್ನೆಲ್ಲ ಅಗೆದು ತೆಗೆದರು. ಇನ್ನು ಮುಂದೆ ಈ ನೆಲದಲ್ಲಿ ಯಾರೂ ಸಾಯಬಾರದು, ಯಾರೂ ಹೆರಬಾರದು ಎಂದು ಆಜ್ಞೆ ಮಾಡಿದರು. ದಿನ ತುಂಬಿದ ಬಸುರಿಯರನ್ನು, ಸಾಯುವ ಸ್ಥಿತಿಯಲ್ಲಿರುವವರನ್ನು ಪಕ್ಕದ ರೆನಿಯಾ ದ್ವೀಪಕ್ಕೆ ಸಾಗಿಸಬೇಕಿತ್ತು.

ಶ್ರೀನಿವಾಸ ಚಿಕ್ಕಪ್ಪ: ನೋಡಿದೆಯಾ!

ವಾಸಂತಿ ಅತ್ತೆ: ಪೂರ್ತಿ ಕೇಳು. ಅಥೀನಾ ದೇವಿಯ ದೊಡ್ಡ ಹಬ್ಬದಲ್ಲಿ ಸಾಲುಸಾಲಾಗಿ ದನಗಳನ್ನು ಬಲಿ ಕೊಡುತ್ತಿದ್ದರು. ದೇವರ ಪಾಲಿಗೆ ಕೊಬ್ಬು ಸುತ್ತಿದ ತೊಡೆಮೂಳೆ, ಬೆಂಕಿಗೆ. ಮಾಂಸ ಊರಿನವರಿಗೆ, ಹಂಚಿಕೆಯ ಲೆಕ್ಕ ಕಲ್ಲಿನ ಮೇಲೆ ಕೆತ್ತಿದೆ. ದೇವರಿಗೆ ಮೂಳೆ, ಮನುಷ್ಯರಿಗೆ ಮಾಂಸ ಏಕೆ ಎಂಬುದಕ್ಕೂ ಅವರಲ್ಲಿ ಕಥೆ ಇದೆ: ಮನುಷ್ಯರ ಪಕ್ಷದ ದೈವ ಪ್ರೊಮಿಥಿಯಸ್ ಮೂಳೆಯನ್ನು ಹೊಳೆಯುವ ಕೊಬ್ಬಿನಲ್ಲಿ ಮುಚ್ಚಿಟ್ಟು ಝ್ಯೂಸ್‌ನಿಂದಲೇ ಆ ಪಾಲನ್ನು ಆರಿಸಿಸಿದ. ‘ನಮ್ಮವರೇ’ ಎಂದೆಯಲ್ಲ, ಆ ಪಂಕ್ತಿಯಲ್ಲಿ ಕೂರುತ್ತೀಯಾ?

ಸುಹಾಸ: 😂

ವಾಸಂತಿ ಅತ್ತೆ: ವೇದದಂಥ ಗ್ರಂಥ ಅವರಲ್ಲಿ ಇರಲಿಲ್ಲ. ಪುರೋಹಿತರ ಜಾತಿಯೂ ಇರಲಿಲ್ಲ. ಕೆಲವು ಪೂಜೆಗಳು ಮನೆತನಕ್ಕೆ ಸೇರಿದ್ದವು, ನಿಜ. ಆದರೆ ಅಥೀನಾ ನೈಕಿಯ ಗುಡಿಗೆ ಪೂಜಾರಿಣಿಯನ್ನು ಅಥೆನ್ಸಿನ ಎಲ್ಲ ಹೆಂಗಸರ ನಡುವಿನಿಂದ ಆರಿಸಬೇಕೆಂದು ಊರಿನ ನಾಗರಿಕರ ಸಭೆಯೇ ತೀರ್ಮಾನಿಸಿತ್ತು. ಆ ಶಾಸನ ಸಿಕ್ಕಿದೆ. ಆಕೆಗೆ 50 ದ್ರಾಕ್ಮಾ (ಬೆಳ್ಳಿ ನಾಣ್ಯ) ಸಂಬಳ, ಮೇಲೆ ಬಲಿಪಶುಗಳ ಕಾಲು ಮತ್ತು ಚರ್ಮ.

ಸರೋಜಾ ದೊಡ್ಡಮ್ಮ: ಹೆಂಗಸಿಗೆ ಗರ್ಭಗುಡಿಯ ಕೆಲಸ, ಅದಕ್ಕೆ ಸಂಬಳ! ಚರ್ಮ ತೆಗೆದುಕೊಂಡು ಏನು ಮಾಡುತ್ತಿದ್ದಳೋ ಪಾಪ.

ವಾಸಂತಿ ಅತ್ತೆ: ಮಾರುತ್ತಿರಬೇಕು ಅಕ್ಕ. ಚರ್ಮಕ್ಕೆ ಒಳ್ಳೆಯ ಬೆಲೆ ಇತ್ತು.

ಸುಹಾಸ: ಸಾಕ್ರೆಟಿಸ್? ಅವನನ್ನು ಕೊಂದದ್ದು ದೇವರನ್ನು ಪ್ರಶ್ನಿಸಿದ್ದಕ್ಕೇ ತಾನೇ?

ವಾಸಂತಿ ಅತ್ತೆ: ಊರು ಒಪ್ಪುವ ದೇವರುಗಳನ್ನು ಒಪ್ಪುವುದಿಲ್ಲ, ಹೊಸ ದೈವಗಳನ್ನು ತರುತ್ತಾನೆ, ಯುವಕರನ್ನು ಕೆಡಿಸುತ್ತಾನೆ ಎಂದು ಆರೋಪ, ಕ್ರಿ.ಪೂ. 399ರಲ್ಲಿ. ಅವನ ಕೊನೆಯ ಮಾತು ಎಂದು ಶಿಷ್ಯ ಪ್ಲೇಟೊ ಬರೆದದ್ದೇನು? ‘ಅಸ್ಕ್ಲೀಪಿಯಸ್ ದೇವರಿಗೆ ಒಂದು ಹುಂಜ ಕೊಡಬೇಕಾಗಿದೆ, ಮರೆಯದೆ ಒಪ್ಪಿಸಿ’ ಎಂದು. ಅಸ್ಕ್ಲೀಪಿಯಸ್ ಎಂದರೆ ರೋಗ ವಾಸಿಮಾಡುವ ದೇವರು. ನಿನ್ನ ಸಂದೇಶದಲ್ಲಿ ಆ ಹುಂಜಕ್ಕೆ ಜಾಗವೇ ಇಲ್ಲ. ನೀನು ಕಲ್ಪಿಸಿಕೊಂಡ ಹಾಗೆ ವಿಚಾರ ಒಂದು ಕಡೆ, ದೇವರು ಇನ್ನೊಂದು ಕಡೆ ಎಂದು ಅವರು ಊರನ್ನು ಪಾಲು ಮಾಡಿಕೊಂಡಿರಲಿಲ್ಲ. ಮತ ಹಾಕುವ ಸಭೆಯೇ ಹಂದಿಮರಿಯ ಬಲಿಯಿಂದ ಶುರುವಾಗುತ್ತಿತ್ತು.

ನಾನು: ಅತ್ತೆ, ನಿಸಿಯಾಸ್‌ಗೆ ಇನ್ನೊಬ್ಬ ಜೋಯಿಸ ಬೇರೆ ಮಾತು ಹೇಳಿದ್ದರೆ?

ವಾಸಂತಿ ಅತ್ತೆ: ಒಳ್ಳೆಯ ಪ್ರಶ್ನೆ. ಪ್ಲುಟಾರ್ಕ್ ಇದನ್ನೇ ಹೇಳುತ್ತಾನೆ. ನಿಸಿಯಾಸ್ ಸದಾ ಜೊತೆಯಲ್ಲಿಟ್ಟುಕೊಂಡಿದ್ದ ಸ್ಟಿಲ್ಬಿಡೀಸ್ ಎಂಬ ಶಕುನಕಾರ ಅವನ ಭಯವನ್ನು ಎಷ್ಟೋ ತಗ್ಗಿಸುತ್ತಿದ್ದನಂತೆ. ಗ್ರಹಣಕ್ಕೆ ಸ್ವಲ್ಪ ಮುಂಚೆ ಅವನು ಸತ್ತಿದ್ದ. ಫಿಲೊಕೊರಸ್ ಎಂಬ ಇನ್ನೊಬ್ಬ ಬರೆದದ್ದು ಇನ್ನೂ ಸೊಗಸಾಗಿದೆ: ಓಡಿಹೋಗುವವರಿಗೆ ಗ್ರಹಣ ಕೆಟ್ಟ ಶಕುನವೇ ಅಲ್ಲ, ಶುಭ. ಕತ್ತಲೆ ಬೇಕಾದವರಿಗೆ ಬೆಳಕೇ ಶತ್ರು.

ಶ್ರೀನಿವಾಸ ಚಿಕ್ಕಪ್ಪ: ಹಾಗಾದರೆ ತಪ್ಪು ಶಾಸ್ತ್ರದ್ದಲ್ಲ, ಹೇಳಿದವನದು. ನಾನು ಹೇಳಿದ್ದೂ ಅದೇ.

ಸುಹಾಸ: ನೀವು ಅದನ್ನು ಹೇಳಲೇ ಇಲ್ಲ ಚಿಕ್ಕಪ್ಪ.

ವಾಸಂತಿ ಅತ್ತೆ: ಇಬ್ಬರೂ ತಡೆಯಿರಿ. ಗ್ರಹಣಕ್ಕೆ ಮೊದಲೇ ಜೊತೆ ಸೇನಾಪತಿ ಡೆಮೊಸ್ತನೀಸ್ ಹೊರಡೋಣ ಎಂದಿದ್ದ. ಆಗ ನಿಸಿಯಾಸ್ ಒಪ್ಪಿರಲಿಲ್ಲ. ಸೋತು ಹಿಂದಿರುಗಿದರೆ, ಇಂದು ಗೋಳಾಡುವ ಇದೇ ಸೈನಿಕರು ಊರಿನಲ್ಲಿ ‘ಸೇನಾಪತಿಗಳು ಲಂಚ ತಿಂದರು’ ಎನ್ನುತ್ತಾರೆ. ಅಥೆನ್ಸಿನ ಜನರ ಕೈಯಲ್ಲಿ ಅವಮಾನಪಟ್ಟು ಸಾಯುವುದಕ್ಕಿಂತ ಶತ್ರುವಿನ ಕೈಯಲ್ಲಿ ಸಾಯುವುದೇ ಮೇಲು ಎಂಬುದು ಅವನ ವಾದ. ಆಮೇಲೆ ಒಲ್ಲದ ಮನಸ್ಸಿನಿಂದ ಒಪ್ಪಿದ. ಹೊರಡುವ ಹೊತ್ತಿಗೆ ಗ್ರಹಣ ಬಂತು. ಉಳಿಯಲು ಅವನಿಗೊಂದು ಗಟ್ಟಿ ನೆಪ ಸಿಕ್ಕಿತು ಎಂದು ನನಗೆ ತೋರುತ್ತದೆ.

ಸುಹಾಸ: ಅಂದರೆ ಭಯ ದೇವರದಲ್ಲ, ಸಭೆಯದು. ನನ್ನ ಮಾತೇ ಉಳಿಯಿತು.

ನಾನು: ಸೈನಿಕರಿಗೆ ಯಾವ ಸಭೆಯ ಭಯವಿತ್ತು? ಮೊದಲು ನಿಲ್ಲೋಣ ಎಂದವರು ಅವರಲ್ಲವೇ?

ಶ್ರೀನಿವಾಸ ಚಿಕ್ಕಪ್ಪ: ಉತ್ತರ ಕೊಡು ಸುಹಾಸ.

ಸುಹಾಸ: ಅವರಿಗೆ ಅನಾಕ್ಸಾಗೊರಸ್ ಗೊತ್ತಿರಲಿಲ್ಲ.

ವಾಸಂತಿ ಅತ್ತೆ: ನಿಸಿಯಾಸ್‌ಗೆ ಗೊತ್ತಿದ್ದರೂ ಇರಬಹುದು. ಅದೇ ಊರು, ಹೆಚ್ಚುಕಡಿಮೆ ಅದೇ ಕಾಲ.